ಎರೆಮಣ್ಣಿನ ಊರುಗಳಲ್ಲಿ ಸೆಪ್ಟಿಕ್ ಟ್ಯಾಂಕ್

ಒಳಚರಂಡಿ ತಲುಪದ ಮನೆಗಳಿಗೆ ಸೆಪ್ಟಿಕ್ ಟ್ಯಾಂಕೇ ಆಸರೆ. ಇದರಲ್ಲಿ ಘನತ್ಯಾಜ್ಯ ತಳಕ್ಕಿಳಿದು ಕೊಳೆಯುತ್ತದೆ; ಮೇಲಿನ ನೀರು ಇಂಗುಗುಂಡಿಯ ಮೂಲಕ ಭೂಮಿಗೆ ಸೇರುತ್ತದೆ. ಆದರೆ ಬಳ್ಳಾರಿ, ಕುರುಗೋಡು, ಸಿರುಗುಪ್ಪ ಭಾಗದ ಎರೆಮಣ್ಣು ನೆನೆದಾಗ ಉಬ್ಬಿ ಬಿಗಿಯುವುದರಿಂದ ನೀರು ಬೇಗ ಇಂಗದು. ತುಂಗಭದ್ರಾ ಕಾಲುವೆಯಡಿಯ ಭತ್ತದ ಗದ್ದೆಗಳ ಅಂಚಿನಲ್ಲಿ ಅಂತರ್ಜಲ ಮೇಲಿದ್ದರೆ ಗುಂಡಿ ತುಂಬಿ ಹೊರಚೆಲ್ಲುವುದಲ್ಲದೆ, ಸಮೀಪದ ಕೊಳವೆಬಾವಿಯೂ ಕಲುಷಿತಗೊಳ್ಳಬಹುದು.

ಟ್ಯಾಂಕನ್ನು 2-3 ವರ್ಷಕ್ಕೊಮ್ಮೆ ಸಕ್ಕಿಂಗ್ ಯಂತ್ರದಿಂದಲೇ ಬರಿದು ಮಾಡಿಸಬೇಕು. ಒಳಗಿನ ವಿಷಾನಿಲ ಕೆಲವೇ ಕ್ಷಣಗಳಲ್ಲಿ ಪ್ರಾಣ ತೆಗೆಯಬಲ್ಲದು. ರಕ್ಷಣಾ ಸಾಧನಗಳಿಲ್ಲದೆ ಕಾರ್ಮಿಕರನ್ನು ಗುಂಡಿಗಿಳಿಸುವುದು 2013ರ ಕಾಯ್ದೆಯಡಿ ಅಪರಾಧ. ಇಳಿಸಿದವರು ಮನೆಯ ಮಾಲೀಕರಾದರೂ ಮೊದಲ ತಪ್ಪಿಗೇ 2 ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಒಳಚರಂಡಿ ಸ್ವಚ್ಛತೆಯ ವೇಳೆ ಸಂಭವಿಸುವ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ.