ಪ್ರಾರ್ಥನಾಮಂದಿರದಲ್ಲಿ ಪರಧರ್ಮದ ಅತಿಥಿ

ವೃತ್ತಿಯಲ್ಲಿದ್ದಷ್ಟು ಕಾಲ ಪ್ರತಿ ಸೆಪ್ಟೆಂಬರ್ 5ರಂದು ನಾನು ಮಕ್ಕಳಿಗೆ ಒಂದೇ ಕಥೆಯನ್ನು ಹೇಳುತ್ತಿದ್ದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಡಾ. ಎಸ್. ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳು ಅವರ ಗಾಡಿಯನ್ನು ಹೂಗಳಿಂದ ಸಿಂಗರಿಸಿ, ತಾವೇ ಎಳೆದುಕೊಂಡು ರೈಲುನಿಲ್ದಾಣಕ್ಕೆ ಒಯ್ದ ಕಥೆ ಅದು. ಗಾಡಿಯ ಪಯಣ ನಿಲ್ದಾಣದಲ್ಲಿ ಮುಗಿಯಿತು. ಆದರೆ ಆ ಗುರುಗಳ ಪಯಣ ಅಲ್ಲಿಂದ ಎಲ್ಲಿಗೆ ಮುಂದುವರಿಯಿತು ಎಂಬುದನ್ನು ನಾನೆಂದೂ ಹೇಳಲಿಲ್ಲ. ಅದನ್ನು ಇಂದು ಹೇಳಬೇಕೆನಿಸಿದೆ.

ಅದಕ್ಕೆ ಮೊದಲು ಅರ್ಧ ಶತಮಾನ ಹಿಂದಕ್ಕೆ ಹೋಗಬೇಕು. 1873ರ ಡಿಸೆಂಬರ್ 3ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಮ್ಯಾಕ್ಸ್ ಮುಲ್ಲರ್ ಮಾತನಾಡಿದರು. ಅಲ್ಲಿನ ಮುಖ್ಯ ಪಾದ್ರಿ, ಡೀನ್ ಸ್ಟ್ಯಾನ್ಲಿ, ಅವರನ್ನು ಆಹ್ವಾನಿಸಿದ್ದರು. ಪಾದ್ರಿದೀಕ್ಷೆಯಿಲ್ಲದ ಗೃಹಸ್ಥನೊಬ್ಬ ಅಂಥ ದೇವಾಲಯದಲ್ಲಿ ಮಾತನಾಡಬಹುದೇ ಎಂಬ ಆಕ್ಷೇಪವೂ ಎದ್ದಿತು. ಮುಲ್ಲರ್ ಲೋಕದ ಧರ್ಮಗಳನ್ನು ಎರಡಾಗಿ ವಿಂಗಡಿಸಿದರು. ಬೌದ್ಧ, ಇಸ್ಲಾಂ, ಕ್ರೈಸ್ತ ಧರ್ಮಗಳು ಪ್ರಚಾರಶೀಲವಾದವು, ಆದ್ದರಿಂದ ಜೀವಂತವಾದವು. ಯಹೂದಿ, ಪಾರಸಿ, ಬ್ರಾಹ್ಮಣ ಧರ್ಮಗಳು ಅಳಿವಿನ ಹಾದಿಯಲ್ಲಿರುವವು ಎಂಬುದು ಅವರ ಅಭಿಪ್ರಾಯ. ಭಾರತದಲ್ಲಿ ಅಧಿಕಾರಿಯಾಗಿದ್ದ ಆಲ್ಫ್ರೆಡ್ ಲಯಾಲ್ 1874ರಲ್ಲಿ ಲೇಖನ ಬರೆದು ಇದನ್ನು ಅಲ್ಲಗಳೆದರು. ಆ ಧರ್ಮ ಸಾಯುತ್ತಿಲ್ಲ, ಸದ್ದಿಲ್ಲದೆ ಹಬ್ಬುತ್ತಲೇ ಇದೆ ಎಂದರು. ಋಗ್ವೇದವನ್ನು ಅಚ್ಚುಹಾಕಿಸಿದ ಮುಲ್ಲರ್ ನಮಗೆ ಪೂಜ್ಯರೇ. ಆದರೂ ಅವರು ಭಾರತವನ್ನು ಒಮ್ಮೆಯೂ ಕಂಡವರಲ್ಲ. ಅಂದು ಅಬ್ಬೆಯಲ್ಲಿ ನಮ್ಮ ಧರ್ಮದ ಬಗ್ಗೆ ಮಾತು ನಡೆಯಿತು. ನಮ್ಮವರ ಮಾತು ನಡೆಯಲಿಲ್ಲ.

ಈ ಕೊರತೆಯನ್ನು ನೀಗಿಸಿದ್ದು, ಸ್ವತಃ ಹೊರಗೆ ನಿಲ್ಲಿಸಲ್ಪಟ್ಟವರ ಒಂದು ಸಂಸ್ಥೆ. ಇಂಗ್ಲೆಂಡಿನ ರಾಜಮಾನ್ಯ ಚರ್ಚಿನ ವಿಧಿಗಳನ್ನು ಒಪ್ಪದ ಕ್ರೈಸ್ತರು 1786ರಲ್ಲಿ ಮ್ಯಾಂಚೆಸ್ಟರಿನಲ್ಲಿ ತಮ್ಮದೇ ವಿದ್ಯಾಲಯವನ್ನು ಕಟ್ಟಿಕೊಂಡಿದ್ದರು. ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿತ್ವವನ್ನು ಒಪ್ಪದ ಯೂನಿಟೇರಿಯನ್ನರ ಪ್ರಭಾವ ಅಲ್ಲಿ ಹೆಚ್ಚಾಗಿತ್ತು. 1871ರ ಶಾಸನ ಬರುವವರೆಗೆ ಇಂಥವರಿಗೆ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಸಮಾನ ಸ್ಥಾನವಿರಲಿಲ್ಲ. ಮುಂದೆ ಅದೇ ಊರಿಗೆ ಬಂದು ನೆಲೆಸಿದ ಈ ಮ್ಯಾಂಚೆಸ್ಟರ್ ಕಾಲೇಜು, 1926ರಲ್ಲಿ ಅಪ್ಟನ್ ಉಪನ್ಯಾಸಗಳಿಗಾಗಿ ರಾಧಾಕೃಷ್ಣನ್ ಅವರನ್ನು ಕರೆಯಿತು.

ಕರೆಸಿಕೊಂಡವರ ಎದೆಯಲ್ಲೂ ಒಂದು ಹಳೆಯ ನೋವಿತ್ತು. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದುವಾಗ, ಹಿಂದೂಧರ್ಮದಲ್ಲಿ ನೀತಿಗೆ ನೆಲೆಯಿಲ್ಲವೆಂಬ ಮಿಷನರಿಗಳ ಟೀಕೆ ಅವರನ್ನು ಕಾಡಿತ್ತು. ವೇದಾಂತದ ನೀತಿಯನ್ನು ಕುರಿತ ಅವರ ಎಂ.ಎ. ಪ್ರಬಂಧ ಆ ಟೀಕೆಗೆ ಕೊಟ್ಟ ಉತ್ತರ. ಗಮನಿಸಬೇಕಾದುದೆಂದರೆ, ಅದನ್ನು ಮೆಚ್ಚಿ ಪ್ರಶಂಸಿಸಿದವರೂ ಅಲ್ಲಿನ ಕ್ರೈಸ್ತ ಗುರುಗಳಾದ ಎ. ಜಿ. ಹಾಗ್ ಅವರೇ.

ಆಕ್ಸ್‌ಫರ್ಡಿನ ಉಪನ್ಯಾಸಗಳು ನಾಲ್ಕು. ಅವುಗಳಲ್ಲಿ ಎರಡನೆಯದು ಧರ್ಮಗಳ ಸಂಘರ್ಷವನ್ನು ಹಿಂದೂ ಮನೋಭಾವ ಹೇಗೆ ಕಾಣುತ್ತದೆ ಎಂಬುದನ್ನು ಕುರಿತದ್ದು. ಧರ್ಮವೆಂದರೆ ಮೊದಲು ಅನುಭವ, ಆಮೇಲೆ ಸಿದ್ಧಾಂತ. ಆದ್ದರಿಂದ ಇನ್ನೊಬ್ಬರ ನಂಬಿಕೆಯನ್ನು ಅಳಿಸದೆಯೂ ಅವರೊಡನೆ ಬಾಳಬಹುದೆಂಬುದು ಅವರ ವಾದದ ತಿರುಳು. 1927ರಲ್ಲಿ ಅವು ಪುಸ್ತಕವಾಗಿ ಹೊರಬಂದವು. ಕೆಲವು ವರ್ಷಗಳ ಬಳಿಕ ಅದೇ ಕಾಲೇಜಿನ ಪ್ರಾರ್ಥನಾಮಂದಿರದಲ್ಲಿ ಅವರು ಪ್ರವಚನವನ್ನೂ ನೀಡಿದರು. 1930ರಲ್ಲಿ ರವೀಂದ್ರನಾಥ ಠಾಕೂರರು ಮಾನವಧರ್ಮವನ್ನು ಕುರಿತು ಹಿಬರ್ಟ್ ಉಪನ್ಯಾಸಗಳನ್ನು ಕೊಟ್ಟದ್ದೂ ಇದೇ ಕಾಲೇಜಿನಲ್ಲಿ. ಆಹ್ವಾನಿಸಿದವರು ಮತಾಂತರ ಹೊಂದಲಿಲ್ಲ, ಅತಿಥಿಗಳೂ ಹೊಂದಲಿಲ್ಲ. ಪರರ ಮಾತನ್ನು ಪರರ ಬಾಯಿಂದಲೇ ಕೇಳುವುದರಿಂದ ಸ್ವಧರ್ಮಕ್ಕೆ ಹಾನಿಯಿಲ್ಲವೆಂಬುದು ಸಿದ್ಧವಾಯಿತು.

ಇಷ್ಟಕ್ಕೇ ಮುಗಿಸಿದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತಾಗುತ್ತದೆ. ಅದೇ ಉಪನ್ಯಾಸಮಾಲೆಯಲ್ಲಿ ರಾಧಾಕೃಷ್ಣನ್ ಜಾತಿವ್ಯವಸ್ಥೆಯನ್ನೂ ವಿವರಿಸಿದರು. ಹಲವು ಜನಾಂಗಗಳು ಕಾದಾಡದೆ ಕೂಡಿ ಬಾಳಲು ಕಂಡುಕೊಂಡ ಏರ್ಪಾಡೆಂದು ಅದಕ್ಕೆ ಸಮರ್ಥನೆ ಕೊಟ್ಟರು. ಆ ಪುಸ್ತಕ ಅಚ್ಚಾದ 1927ರಲ್ಲೇ ಡಾ. ಅಂಬೇಡ್ಕರ್ ಮಹಾಡದ ಚವದಾರ್ ಕೆರೆಯ ನೀರನ್ನು ಮುಟ್ಟಲು ಸತ್ಯಾಗ್ರಹ ಹೂಡಬೇಕಾಯಿತು. ಅತಿಥಿಯಾಗಿ ಹೋದವನು ತನ್ನ ಮನೆಯ ನಡುಮನೆಯನ್ನು ಬಣ್ಣಿಸುವುದು ಸಹಜ. ಹೊಸಿಲಾಚೆ ನಿಂತವರ ಅನುಭವ ಆ ಬಣ್ಣನೆಯಲ್ಲಿ ಬರುವುದಿಲ್ಲ. ಹೊರಗಿಟ್ಟವರ ನೋವನ್ನು ಬಲ್ಲ ಆ ಕಾಲೇಜು ಅಂಥವರನ್ನೂ ಕರೆದು ಕೇಳಿದ್ದರೆ ಎಂದು ನನಗೆ ಅನಿಸುತ್ತದೆ.

ಹೀಗೆ ಬರೆಯುವಾಗ ನನ್ನ ತರಗತಿಯೇ ಕಣ್ಣ ಮುಂದೆ ಬರುತ್ತದೆ. ಹಬ್ಬಗಳ ಪಾಠ ಬಂದಾಗ ನಿಮ್ಮ ನಿಮ್ಮ ಮನೆಯ ಹಬ್ಬದ ಬಗ್ಗೆ ಹೇಳಿ ಎನ್ನುತ್ತಿದ್ದೆ. ಯುಗಾದಿ, ರಂಜಾನ್, ಕ್ರಿಸ್ಮಸ್, ಮೂರಕ್ಕೂ ಒಬ್ಬೊಬ್ಬರು ಎದ್ದು ಮಾತನಾಡಿದರೆ ನನಗೆ ತೃಪ್ತಿ. ಆದರೆ ಎದ್ದು ನಿಲ್ಲುತ್ತಿದ್ದವರು ಪ್ರತಿವರ್ಷವೂ ಮುಂದಿನ ಬೆಂಚಿನವರೇ. ಹಿಂದಿನ ಬೆಂಚಿನ ಮಕ್ಕಳ ಮನೆಯಲ್ಲಿ ಆ ಹಬ್ಬ ಹೇಗಿರುತ್ತದೆಂದು ನಾನು ಕೇಳಲಿಲ್ಲ. ಈಗ ಪಾಠ ಹೇಳುತ್ತಿರುವ ಕಿರಿಯ ಮಿತ್ರರು ಅವರನ್ನು ಕೇಳಬೇಕೆಂದು ನನ್ನ ವಿನಂತಿ.