ದಪ್ಪ ಟಯರಿನ ಸಣ್ಣ ಗಾಡಿ

ವೇಣೂರಿನಿಂದ ಮಂಗಳೂರಿಗೆ ಕೆಲಸಕ್ಕೆ ಬಂದ ವರ್ಷ ನಾನೊಂದು ಹಳೆಯ ಹೋಂಡಾ ನವಿ ಕೊಂಡೆ. 2016ರಲ್ಲಿ ಬಂದು, ಕೆಲವೇ ವರ್ಷಗಳಲ್ಲಿ ನಮ್ಮ ದೇಶದಲ್ಲಿ ಮಾರಾಟ ನಿಂತುಹೋದ ಗಾಡಿ ಅದು. ನೋಡಲು ಬೈಕು, ಒಳಗೆ ಸ್ಕೂಟರು. ಆಕ್ಟಿವಾದ 110 ಸಿಸಿ ಎಂಜಿನ್ ಹಿಂದೆ ಸೀಟಿನಡಿ ಅಡಗಿದೆ. ಬೈಕಿಗೆ ಎಂಜಿನ್ ಇರಬೇಕಾದ ಜಾಗದಲ್ಲಿ ಬೀಗ ಹಾಕುವ ಒಂದು ಡಬ್ಬ. ಊರಿಗೆ ತಂದ ದಿನ ಪೇಟೆಯಲ್ಲಿ ಪರಿಚಯದವರೊಬ್ಬರು ಅದಕ್ಕೆ ಒಂದು ಸುತ್ತು ಬಂದು, "ಇದು ಇನ್ನೂ ದೊಡ್ಡದಾಗ್ಲಿಕ್ಕೆ ಉಂಟಾ, ಇಷ್ಟೆಯಾ ಮಾರಾಯ?" ಎಂದು ಕೇಳಿದರು. ಅಪ್ಪ ಮಾತ್ರ ನಗಲಿಲ್ಲ. ಹೆಬ್ಬೆರಳಿನಿಂದ ಟಯರ್ ಒತ್ತಿ ನೋಡಿ, "ಗಾಲಿ ಸಣ್ಣದು. ಹೊಂಡ ನೋಡಿಕೊಂಡು ಬಿಡು" ಎಂದರು. ಅಪ್ಪ ವರ್ಷಗಟ್ಟಲೆ ಎಂ–80ಯಲ್ಲಿ ಮೀನು ಮಾರಿದವರು.

ನವಿಯ ಹಿಂದಿನ ಟಯರಿನ ಮೇಲೆ 90/100–10 ಎಂದು ಬರೆದಿದೆ. ಅಗಲ 90 ಮಿಲಿಮೀಟರ್, ಟಯರಿನ ಎತ್ತರವೂ ಅಷ್ಟೇ, ರಿಮ್ಮಿನ ವ್ಯಾಸ 10 ಇಂಚು. ಮುಂದಿನದು 12 ಇಂಚು. ಹಳೆಯ ಬುಲೆಟ್ಟುಗಳಿಗೆ ಇದ್ದದ್ದು 19 ಇಂಚಿನ ಗಾಲಿ. ದೊಡ್ಡ ಗಾಲಿ ಎಷ್ಟೋ ಹೊಂಡಗಳ ಮೇಲೆಯೇ ದಾಟಿಬಿಡುತ್ತದೆ. ಸಣ್ಣದು ಒಳಗಿಳಿದು ಮತ್ತೆ ಹತ್ತಬೇಕು. ವ್ಯಾಸದಲ್ಲಿ ಕಳೆದುಕೊಂಡದ್ದನ್ನು ಸ್ವಲ್ಪವಾದರೂ ತುಂಬಿಕೊಡುವುದು ಟಯರಿನ ದಪ್ಪ. ಒಳಗಿನ ಗಾಳಿ ಪೆಟ್ಟನ್ನು ನುಂಗುತ್ತದೆ. ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಗಾಳಿ ತುಂಬಿದ ಟಯರಿಗೆ ಪೇಟೆಂಟ್ ಪಡೆದ. ಅವನು ಮೊದಲು ಅದನ್ನು ಕಟ್ಟಿ ನೋಡಿದ್ದು ಮಗನ ಮೂರು ಚಕ್ರದ ಸೈಕಲ್ಲಿಗೆ.

ಸಣ್ಣ ಗಾಲಿಗೆ ಒಂದೊಂದು ಕಾಲದಲ್ಲಿ ಒಂದೊಂದು ಕಾರಣವಿತ್ತು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ ತನ್ನ ಸೈನಿಕರಿಗಾಗಿ ವೆಲ್‌ಬೈಕ್ ಎಂಬ 98 ಸಿಸಿಯ ಕುಳ್ಳ ಗಾಡಿ ಮಾಡಿತು. ಮಡಚಿ ಡಬ್ಬದೊಳಗಿಟ್ಟು ಪ್ಯಾರಾಚೂಟಿನಲ್ಲಿ ಇಳಿಸಬೇಕಿತ್ತು, ಹಾಗಾಗಿ ಡಬ್ಬದ ಅಳತೆಯೇ ಗಾಡಿಯ ಅಳತೆ. ಯುದ್ಧ ಮುಗಿದ ಮೇಲೆ, 1946ರಲ್ಲಿ, ಇಟಲಿಯ ಪಿಯಾಜಿಯೊ ಕಂಪೆನಿ ವೆಸ್ಪಾ ಹೊರತಂದಿತು. ಅದನ್ನು ರೂಪಿಸಿದ ಕೊರಾಡಿನೊ ಡಸ್ಕಾನಿಯೊ ವಿಮಾನದ ಎಂಜಿನಿಯರ್. ಮೋಟಾರ್‌ಸೈಕಲ್ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ವಿಮಾನದ ಗಾಲಿಯ ಹಾಗೆ ಒಂದೇ ಬದಿಯಿಂದ ಹಿಡಿದ ಸಣ್ಣ ಗಾಲಿ ಕೂರಿಸಿದ. ಪಂಕ್ಚರಾದರೆ ಬೇಗ ಬಿಚ್ಚಿ ಬದಲಿಸಬಹುದು. 1961ರಲ್ಲಿ ಹೋಂಡಾ, ಟೋಕಿಯೊದ ತನ್ನ ಟಾಮಾ ಟೆಕ್ ಮನೋರಂಜನಾ ಪಾರ್ಕಿನಲ್ಲಿ ಮಕ್ಕಳಿಗೆಂದು 5 ಇಂಚಿನ ಗಾಲಿಯ 49 ಸಿಸಿ ಗಾಡಿ ಇಟ್ಟಿತು. ದೊಡ್ಡವರು ಅದರ ಮೇಲೆ ಮಂಡಿ ಮಡಚಿ ಕೂತರೆ ಮಂಗನ ಹಾಗೆ ಕಾಣುತ್ತಿದ್ದರು. 'ಮಂಕಿ' ಎಂಬ ಹೆಸರೇ ನಿಂತಿತು. ನಮ್ಮ ಪೇಟೆಯಲ್ಲಿ ನಕ್ಕವರು ಹೊಸದೇನೂ ಹೇಳಲಿಲ್ಲ.

ನಮ್ಮ ದೇಶದಲ್ಲಿ ಇಂಥ ಗಾಡಿಗೆ ಹೆಸರು ತಂದದ್ದು ಸಿನಿಮಾ. 1973ರ 'ಬಾಬಿ'ಯಲ್ಲಿ ರಿಷಿ ಕಪೂರ್, ಡಿಂಪಲ್ ಕಪಾಡಿಯಾ ಸವಾರಿ ಮಾಡಿದ್ದು ರಾಜದೂತ್ ಜಿಟಿಎಸ್ 175 ಎಂಬ ಪುಟ್ಟ ಬೈಕಿನಲ್ಲಿ. ಜನ ಅದನ್ನು ಬಾಬಿ ಎಂದೇ ಕರೆದರು. ಅದು ಪ್ರೀತಿಸಿ ಮನೆ ಬಿಟ್ಟು ಓಡುವವರ ಗಾಡಿ. ಹೊಟ್ಟೆಪಾಡಿಗೆ ಬೇರೆಯದೇ ಬೇಕಿತ್ತು. 1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಬಂತು. 1986ರಲ್ಲಿ ಬಜಾಜ್ ಎಂ–80. ಕರಾವಳಿಯಲ್ಲಿ ಎಂ–80 ಎಂದರೆ ಮೀನಿನ ಗಾಡಿ. ಅಪ್ಪ ಬೆಳಕು ಹರಿಯುವ ಮೊದಲೇ ಮೂಡುಬಿದಿರೆಗೆ ಹೋಗಿ, ಹಿಂದಿನ ಪೆಟ್ಟಿಗೆಯಲ್ಲಿ ಬಂಗುಡೆ, ಬೂತಾಯಿಗಳ ಮೇಲೆ ಮಂಜುಗಡ್ಡೆ ಸುರಿದು, ಹೊಸಂಗಡಿ, ಪೆರಿಂಜೆ, ವೇಣೂರು ಎಂದು ಹಾರನ್ ಬಾರಿಸುತ್ತಾ ಬರುತ್ತಿದ್ದರು. ಮಂಜುಗಡ್ಡೆ ಕರಗುವುದರೊಳಗೆ ಪೆಟ್ಟಿಗೆ ಖಾಲಿಯಾಗಬೇಕು. ನನ್ನ ಶಾಲೆಯ ಫೀಸು ಆ ಗಾಲಿಗಳ ಮೇಲೆಯೇ ಬಂದದ್ದು.

ನಗರದಲ್ಲಿ ನವಿ ಮೊದಮೊದಲು ಖುಷಿ ಕೊಟ್ಟಿತು. ಗೇರಿಲ್ಲ, ಭಾರವಿಲ್ಲ, ಎರಡು ಕಾಲೂ ನೆಲಕ್ಕೆ ಎಟಕುತ್ತವೆ. ಸಿಗ್ನಲ್ಲಿನಲ್ಲಿ ಕಾರುಗಳ ನಡುವೆ ನುಸುಳಿ ಮುಂದೆ ಹೋಗಿ ನಿಲ್ಲಬಹುದು. ಆದರೆ ಮುಂದೆ ನಿಂತವನ ಬೆನ್ನಿಗೆ ಎಲ್ಲರೂ ಇರುತ್ತಾರೆ. ಆಟಿಯ ಒಂದು ಸಂಜೆ ಸರ್ಕಲ್ ದಾಟುವಾಗ ಹಿಂದೆ ಬಸ್ಸೊಂದು ಬಿಡದೆ ಹಾರನ್ ಹಾಕುತ್ತಿತ್ತು. ದಾರಿ ಬಿಡಲು ಎಡಕ್ಕೆ ಸರಿದೆ. ಕೆಸರು ನೀರಿನಡಿ ಹೊಂಡವಿತ್ತು. ಮುಂದಿನ ಗಾಲಿ ಇಳಿದದ್ದು ಗೊತ್ತು, ಹತ್ತಿದ್ದು ಗೊತ್ತಿಲ್ಲ. ಕಣ್ಣು ಬಿಟ್ಟಾಗ ಬಸ್ಸಿನ ಟಯರ್ ನನ್ನ ಹೆಲ್ಮೆಟ್ಟಿನಿಂದ ಒಂದು ಮಾರು ದೂರದಲ್ಲಿ ನಿಂತಿತ್ತು. ಎತ್ತಿದವರಲ್ಲೊಬ್ಬರು, "ಇಂಥ ಗಾಡಿ ಸಿಟಿಗೆ ಆಗುದಿಲ್ಲ" ಎಂದರು. ಹೊಂಡದ ಬಗ್ಗೆಯಾಗಲಿ ಹಾರನ್ನಿನ ಬಗ್ಗೆಯಾಗಲಿ ಯಾರೂ ಮಾತೆತ್ತಲಿಲ್ಲ. ಗಾತ್ರ ನೋಡಿ ದಾರಿ ಬಿಡುವ ರಸ್ತೆಯಲ್ಲಿ ಬಿದ್ದ ಸಣ್ಣವನದೇ ತಪ್ಪು.

ರಾತ್ರಿ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾನೊಮ್ಮೆ ಹೊಸಂಗಡಿ ಹತ್ರ ಬಿದ್ದಿದ್ದೆ. ಲಾರಿಗೆ ಸೈಡ್ ಕೊಡ್ಲಿಕ್ಕೆ ಹೋಗಿ. ಬಂಗುಡೆ ಎಲ್ಲ ರಸ್ತೆಯಲ್ಲಿ. ಲಾರಿಯವ ನಿಲ್ಲಿಸ್ಲಿಲ್ಲ. ಹೆಕ್ಕಿ, ತೊಳೆದು, ಮಾರಿಯೇ ಮನೆಗೆ ಬಂದದ್ದು" ಎಂದರು. ಅಷ್ಟು ವರ್ಷ ಮನೆಯಲ್ಲಿ ಯಾರಿಗೂ ಹೇಳದ ಸಂಗತಿ ಅದು. "ಅಮ್ಮನಿಗೆ ಹೇಳ್ಬೇಡ, ನಿನ್ನದೂ, ನನ್ನದೂ" ಎಂದು ಫೋನ್ ಇಟ್ಟರು.

ವೆಸ್ಪಾ ಮಾಡಿದವನ ಹೆಸರು ಪುಸ್ತಕದಲ್ಲಿ ಸಿಗುತ್ತದೆ, ಮಂಕಿ ಹುಟ್ಟಿದ ಪಾರ್ಕಿನ ಹೆಸರೂ ಸಿಗುತ್ತದೆ. ಸಣ್ಣ ಗಾಲಿಯ ಚರಿತ್ರೆಯ ಇನ್ನೊಂದು ಅರ್ಧ ಹೀಗೆ ಮನೆಮನೆಗಳಲ್ಲಿ, ಅಮ್ಮಂದಿರಿಗೆ ಹೇಳದೆ ಉಳಿದಿದೆ.

ನವಿಯನ್ನು ನಾನು ಮಾರಲಿಲ್ಲ. ವಾರಕ್ಕೊಮ್ಮೆ ಟಯರಿನ ಗಾಳಿ ನೋಡುತ್ತೇನೆ. ನೀರು ನಿಂತ ಕಡೆ ಹಿಂದಿನವರು ಎಷ್ಟೇ ಹಾರನ್ ಹಾಕಲಿ, ನಿಧಾನ ಮಾಡುತ್ತೇನೆ. ಮುಂದೆ ಮೀನಿನ ಪೆಟ್ಟಿಗೆ ಹೊತ್ತ ಗಾಡಿ ಹೋಗುತ್ತಿದ್ದರೆ ಅದರ ಹಿಂದೆಯೇ ಹೋಗುತ್ತೇನೆ, ಹಾರನ್ ಹಾಕುವುದಿಲ್ಲ.