ಹ್ಯಾಂಡ್‌ಪೋಸ್ಟ್ ದಾರಿ, ಜಾವಾ ಬೈಕು ಮತ್ತು ಒಂದು ಸ್ಟೀಲ್ ಬೋಲ್ಟು

ಹ್ಯಾಂಡ್‌ಪೋಸ್ಟ್ ಅಂದರೆ ದಾರಿ ತೋರುವ ಕಂಬ, ನಮ್ಮ ಕನ್ನಡದ ಕೈಮರ. ಎಚ್.ಡಿ.ಕೋಟೆ ಬಳಿಯ ಈ ಊರು ದಾಟಿ ಮಾನಂದವಾಡಿ ಕಡೆ ಹೊರಟರೆ ಮುಂದೆ ಕಾಡು. ಅಲ್ಲಿ ರಾತ್ರಿ ಹೊತ್ತು ಗಾಡಿಯ ದೀಪ ಕೈಕೊಟ್ಟರೆ ತಮಾಷೆಯಲ್ಲ ಬಿಡಿ.

ಜಾವಾ ನಮ್ಮ ಮೈಸೂರಿನದೇ ಗಾಡಿ. ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಬೈಕುಗಳು ಹೊರಬರತೊಡಗಿದವು, ಆಮೇಲೆ ಯೆಜ್ಡಿ ಬಂತು, 1996ರಲ್ಲಿ ಬಾಗಿಲು ಮುಚ್ಚಿತು. ಆ ಹಳೇ ಜಾವಾದ ಬ್ಯಾಟರಿ ಬರೀ 6 ವೋಲ್ಟ್. ಕಿಡಿಗೂ ಅದೇ ಬೇಕು, ದೀಪಕ್ಕೂ ಅದೇ. 30 ವಾಟಿನ ದೀಪಕ್ಕೆ 12 ವೋಲ್ಟಿನಲ್ಲಿ 2.5 ಆಂಪಿಯರ್ ಸಾಕು, 6 ವೋಲ್ಟಿನಲ್ಲಿ 5 ಬೇಕು. ಹಾಗಾಗಿ ಟರ್ಮಿನಲ್ಲಿನಲ್ಲಿ ಸ್ವಲ್ಪ ತುಕ್ಕು ಕೂತರೂ ನಷ್ಟದ ಪಾಲು ನಾಲ್ಕು ಪಟ್ಟು!

ಮಾಮೂಲಿ ಕಬ್ಬಿಣದ ಬೋಲ್ಟು ಆಸಿಡ್ ಹಬೆಗೆ ಬೇಗ ತುಕ್ಕು ಹಿಡಿಯುತ್ತದೆ. ಈಗ ಹಳೇ ಜಾವಾ ರಿಪೇರಿ ಮಾಡಿಸುವವರಿಗೆ ಥಟ್ಟನೆ ಹೊಳೆಯುವುದು ಸ್ಟೈನ್‌ಲೆಸ್ ಸ್ಟೀಲ್. ಅದರ ಕಥೆಯೂ ಸ್ವಾರಸ್ಯ ನೋಡಿ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಹುಡುಕುತ್ತಿದ್ದದ್ದು ಸವೆಯದ ಬಂದೂಕಿನ ನಳಿಗೆಗೆ ಲೋಹ. ಸಿಕ್ಕಿದ್ದು ತುಕ್ಕು ಹಿಡಿಯದ ಉಕ್ಕು. ಅದರಲ್ಲಿರುವ ಕ್ರೋಮಿಯಂ ಮೇಲ್ಮೈಯಲ್ಲಿ ತೆಳು ಪೊರೆ ಕಟ್ಟಿ ಕಾಪಾಡುತ್ತದೆ. ಅದರ ಹಿಂದಿನ ವರ್ಷವೇ, 1912ರಲ್ಲಿ, ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿಗೆ ಬಂದಿತ್ತು. ಬ್ಯಾಟರಿ ಟರ್ಮಿನಲ್ಲಿನ ಮೇಲೆ ನಿಜವಾದ ಹೊರೆ ಬಿದ್ದದ್ದು ಆಗಲೇ.

ಆದರೆ ಇಲ್ಲೊಂದು ಮರ್ಮ ಇದೆ. ಹೊಳೆಯುವುದೆಲ್ಲ ಕರೆಂಟು ಸಾಗಿಸುವುದಿಲ್ಲ. ತಾಮ್ರಕ್ಕೆ ಹೋಲಿಸಿದರೆ ಪಾತ್ರೆ ಮಾಡುವ 304 ಸ್ಟೀಲಿನ ತಡೆ ಸುಮಾರು 40 ಪಟ್ಟು. ಸೀಸವೇ ಎಷ್ಟೋ ವಾಸಿ. ಅಂದರೆ ಸ್ಟೀಲ್ ಬೋಲ್ಟಿನ ಕೆಲಸ ಬಿಗಿಯಾಗಿ ಹಿಡಿಯುವುದು ಅಷ್ಟೇ, ಕರೆಂಟು ಹೊರುವುದಲ್ಲ. ವೈರಿನ ತಾಮ್ರದ ಲಗ್ಗು ನೇರವಾಗಿ ಸೀಸದ ಟರ್ಮಿನಲ್ಲಿಗೇ ಅಂಟಬೇಕು, ವಾಷರ್ ಅದರ ಮೇಲೆ, ನಟ್ಟು ಕೊನೆಗೆ. ಚೆಂದಕ್ಕೆ ಅಂತ ನಡುವೆ ಸ್ಟೀಲ್ ವಾಷರ್ ತೂರಿಸಿದಿರೋ, ದೀಪ ಮಂಕು, ಗಾಡಿಗೆ ಕೆಮ್ಮು :)

ಕೊಳ್ಳುವಾಗ 316 ಸಿಕ್ಕರೆ ಒಳ್ಳೆಯದು. ಅದರಲ್ಲಿ ಮಾಲಿಬ್ಡಿನಮ್ ಇರುವುದರಿಂದ ಆಸಿಡ್ಡಿಗೆ 304ಕ್ಕಿಂತ ಹೆಚ್ಚು ತಡೆಯುತ್ತದೆ. ಸ್ಟೀಲಿಗೆ ಸ್ಟೀಲ್ ಒಣಗಿದ್ದಂತೆಯೇ ಬಿಗಿದರೆ ಥ್ರೆಡ್ಡು ಕಚ್ಚಿಕೊಂಡುಬಿಡುತ್ತದೆ, ಚೂರು ಗ್ರೀಸ್ ಸವರಿ. ಟರ್ಮಿನಲ್ಲಿನ ಮೇಲೂ ತೆಳ್ಳಗೆ ಸವರಬಹುದು, ಆದರೆ ಬಿಗಿದ ಮೇಲೆ.

ನಿಮ್ಮ ಅಟ್ಟದ ಕೆಳಗೋ ಕೊಟ್ಟಿಗೆಯಲ್ಲೋ ಅಪ್ಪನ ಕಾಲದ ಜಾವಾ ನಿಂತಿದ್ದರೆ, ಪೇಂಟು ಹೊಡೆಸುವ ಮೊದಲು ಆ ಎರಡು ಬೋಲ್ಟು ಬಿಚ್ಚಿ ನೋಡಿ.